ಚೀಲ ಕಾಯಲು ಬಂದವಳಲ್ಲ

ನಮ್ಮ ಮನೆಯವರು ಎಲ್ಲಿಗೆ ಹೋದರೂ ಚೀಲ ಕಾಯುವ ಕೆಲಸ ನನ್ನದು. ಹೀಗೆಂದು ಯಾರೂ ಠರಾವು ಮಾಡಿದ್ದಲ್ಲ, ಅದು ತಾನಾಗಿಯೇ ನನ್ನ ಪಾಲಿಗೆ ಬಂದು ಕುಳಿತಿದೆ. ಸಮುದ್ರಕ್ಕೆ ಹೋದರೆ ಅವರು ನೀರಿಗೆ ಇಳಿಯುತ್ತಾರೆ. ನಾನು ಮರಳಿನ ಮೇಲೆ ಚಪ್ಪಲಿ, ಮೊಬೈಲು, ಒಣಬಟ್ಟೆಗಳ ನಡುವೆ ಕುಳಿತಿರುತ್ತೇನೆ. ಕೋಟೆ ನೋಡಲು ಹೋದರೆ ಅವರು ಮೇಲೆ ಹತ್ತುತ್ತಾರೆ. ನಾನು ಬಾಗಿಲ ಬಳಿಯ ಕಟ್ಟೆಯ ಮೇಲೆ ನೀರಿನ ಬಾಟಲಿಗಳ ಜೊತೆಗಿರುತ್ತೇನೆ. ಮದುವೆ ಮನೆಯಲ್ಲಿ ಫೋಟೋಕ್ಕೆ ನಿಲ್ಲುವಾಗ ಎಲ್ಲರ ಪರ್ಸುಗಳೂ ನನ್ನ ಮಡಿಲಿಗೆ ಬರುತ್ತವೆ. ಆಮೇಲೆ ಯಾರಿಗೋ ನೆನಪಾಗಿ, "ಅಯ್ಯ, ಅವ್ವ ಫೋಟೋದಾಗ ಇಲ್ಲಲ್ಲ" ಅನ್ನುತ್ತಾರೆ. ಇರುವುದಾದರೂ ಹೇಗೆ? ಪರ್ಸು ಕಾಯುತ್ತಿದ್ದೆನಲ್ಲ.

ಇದನ್ನು ನಗುತ್ತ ಸಹಿಸಿಕೊಂಡ ವರ್ಷಗಳಿವೆ. ಈಗ ಸಹಿಸುವುದಿಲ್ಲ. ಅದು ನಿಂತದ್ದು ಹೇಗೆ ಎಂದು ಹೇಳಬೇಕೆಂದೇ ಇದನ್ನು ಬರೆಯಲು ಕುಳಿತಿದ್ದೇನೆ.

ಆದರೆ ಮೊದಲು ಚಾವಿಯ ವಿಷಯ ಹೇಳಬೇಕು. ಅದಿಲ್ಲದೆ ಉಳಿದದ್ದು ಅರ್ಥವಾಗುವುದಿಲ್ಲ.

ಅಕ್ಕಿಆಲೂರಿನಲ್ಲಿ ನಮ್ಮದು ಹಳೆಯ ಮನೆ, ಅದರ ಮೇಲೆ ಒಂದು ಬಯಲು ಮಾಳಿಗೆ. ಮನೆ ಯಾರ ಹೆಸರಿನಲ್ಲಿದ್ದರೂ ಮಾಳಿಗೆ ಮಾತ್ರ ನನ್ನದು. ಬೇಸಿಗೆ ಶುರುವಾಯಿತೆಂದರೆ ಬೆಳಗಿನಿಂದ ನಾನು ಅಲ್ಲೇ. ಅಕ್ಕಿಹಿಟ್ಟು ಕುದಿಸಿ ಸಂಡಿಗೆ ಇಡುವುದು, ಹಪ್ಪಳ ಹರವುವುದು, ಮೆಣಸಿನಕಾಯಿ ಒಣಹಾಕುವುದು, ನಡುನಡುವೆ ಕಾಗೆ ಓಡಿಸುವುದು. ಅಕ್ಕಪಕ್ಕದ ಮಾಳಿಗೆಗಳ ಮೇಲೆ ನನ್ನ ಓರಗೆಯ ಹೆಂಗಸರು. ಒಂದು ಮಾಳಿಗೆಯಿಂದ ಇನ್ನೊಂದು ಮಾಳಿಗೆಗೆ ಮಾತು ಹೋಗುತ್ತಿತ್ತು, ಜೊತೆಗೆ ಎಲೆಯಡಿಕೆಯೂ ಹೋಗುತ್ತಿತ್ತು. ಯಾರ ಸೊಸೆ ತವರಿಗೆ ಹೋದಳು, ಯಾರ ಮೊಮ್ಮಗ ಪಾಸಾದ, ಯಾರ ಮನೆಯ ಎಮ್ಮೆ ಈದಿತು, ಎಲ್ಲ ಅಲ್ಲೇ ತಿಳಿಯುತ್ತಿತ್ತು. ಒಂದು ಕಡೆ ನಮ್ಮ ಅಕ್ಕಿ ಗಿರಣಿಯ ತಗಡು, ಇನ್ನೊಂದು ಕಡೆ ಭತ್ತದ ಗದ್ದೆ, ಸಂತೆಯ ದಿನ ದೂರದಿಂದ ಸಾಲುಗಟ್ಟಿ ಬರುವ ಟೆಂಪೋಗಳು. ಯಜಮಾನರು ತೀರಿಕೊಂಡ ಮೇಲೆ ಗಿರಣಿಯನ್ನು ಮಗ ನೋಡಿಕೊಳ್ಳತೊಡಗಿದ, ಅಡಿಗೆಮನೆಯನ್ನು ಸೊಸೆ ಮತ್ತು ನಾನು ಹಂಚಿಕೊಂಡೆವು. ಮಾಳಿಗೆಯನ್ನು ಯಾರೊಡನೆಯೂ ಹಂಚಿಕೊಂಡಿರಲಿಲ್ಲ.

ಹೋದ ಮಳೆಗಾಲದ ಕೊನೆಗೆ ಅದರ ಮೆಟ್ಟಿಲುಗಳ ಮೇಲೆ ಪಾಚಿ ಕಟ್ಟಿತ್ತು. ಬಟ್ಟೆಯ ಬುಟ್ಟಿ ಹಿಡಿದು ಇಳಿಯುವಾಗ ಕಾಲು ಜಾರಿತು. ಬುಡದ ತನಕ ಕುಂಡಿಯ ಮೇಲೆಯೇ ಬಂದು ಬಿದ್ದೆ. ಸದ್ದು ಕೇಳಿ ಮೊದಲು ಓಡಿಬಂದವನು ಮಗ. ಕೈ ಉಳುಕಿತ್ತು, ಮುರಿದಿರಲಿಲ್ಲ. ಪಟ್ಟಿ ಕಟ್ಟಿಸಿಕೊಂಡು ಬಂದೆವು. ನಾನು ಮಲಗಿ ಎದ್ದು ನೋಡುವಷ್ಟರಲ್ಲಿ ಮಾಳಿಗೆಯ ಬಾಗಿಲಿಗೆ ಬೀಗ ಬಿದ್ದಿತ್ತು, ಅದರ ಚಾವಿ ಮಗನ ಬೈಕಿನ ಚಾವಿಯ ಜೊತೆ ಒಂದೇ ಉಂಗುರದಲ್ಲಿ ಸೇರಿತ್ತು.

ಕೈ ಗುಣವಾಯಿತು, ಪಾಚಿ ಒಣಗಿತು, ಬೀಗ ಹಾಗೇ ಉಳಿಯಿತು. ಕೇಳಿದಾಗಲೆಲ್ಲ ಅವನದು ಒಂದೇ ಮಾತು, "ನೋಡೂಣು." ಈ ಮಾತಿನ ಅರ್ಥ 'ಇಲ್ಲ' ಎಂದು ತಾಯಿಯಾದ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಅವನು ಸಣ್ಣವನಿದ್ದಾಗ ನಾನೇ ಅವನಿಗೆ ಅದನ್ನು ಕಲಿಸಿದ್ದು. ಬೇಸಿಗೆ ಬಂತು. ಸೊಸೆ ಅಂಗಡಿಯಿಂದ ಪ್ಯಾಕೆಟ್ ಸಂಡಿಗೆ ತಂದಳು. ಎಣ್ಣೆಗೆ ಬಿಟ್ಟರೆ ಅರಳುತ್ತದೆ, ನಿಜ. ಬಾಯಿಗೆ ಹಾಕಿದರೆ ಬರೀ ಗಾಳಿ. ಪಕ್ಕದ ಮನೆಯಾಕೆ ತನ್ನ ಮಾಳಿಗೆಯ ಮೇಲಿಂದ, "ಯಾಕ, ಕೆಳಗ ಇಳಿಸಿಬಿಟ್ರೇನು ನಿನ್ನ?" ಎಂದು ನಗುತ್ತ ಕೇಳಿದಳು. ನಾನೂ ನಕ್ಕೆ. ಒಳಗೆ ಬಂದು ಒಂದು ಹೊತ್ತು ಊಟ ಬಿಟ್ಟೆ.

ಇಂಥ ಸ್ಥಿತಿಯಲ್ಲಿರುವಾಗ ಮೊಮ್ಮಗಳಿಗೆ ಶಾಲೆಯ ರಜೆ ಬಂತು. ಅವಳು ಮೊಬೈಲಿನಲ್ಲಿ ಏನನ್ನೋ ನೋಡಿ ಹಟ ಹಿಡಿದಳು. ತಡಸದ ಆಚೆ ಕಾಡು ಶುರುವಾಗುವಲ್ಲಿ ಯಾರೋ ಹೊಸದಾಗಿ ಒಂದು ಆಟದ ಜಾಗ ಮಾಡಿದ್ದಾರಂತೆ. ಮರದಿಂದ ಮರಕ್ಕೆ ಹಗ್ಗದ ಸೇತುವೆ ಕಟ್ಟಿದ್ದಾರಂತೆ. ಕೊನೆಗೆ ತಂತಿಗೆ ಜೋತುಬಿದ್ದು ಹಳ್ಳದ ಮೇಲಿಂದ ಹಾರಿಹೋಗುವುದಂತೆ. ಅದಕ್ಕೆ ಜಿಪ್ ಲೈನ್ ಎನ್ನುತ್ತಾರೆಂದು ಅವಳೇ ನನಗೆ ಹೇಳಿದಳು. "ಆಯಿ, ನೀನೂ ಬಾ," ಎಂದಳು. ಮಗ ಹಿಂದಿನಿಂದಲೇ, "ಹೂಂ, ಆಯಿ ಬರ್ತಾಳ. ಅಲ್ಲೆ ನೆರಳಾಗ ಬೆಂಚ್ ಅದಾವಂತ," ಎಂದ.

ಬೆಂಚಿನ ಮಾತು ಕೇಳಿದಾಗಲೇ ನನಗೆ ಮೈ ಉರಿಯಿತು. ಆದರೂ ಬುತ್ತಿ ಕಟ್ಟಿದೆ. ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಸವಣೂರಿನ ಎಲೆ, ಅಡಿಕೆ, ಎಲ್ಲ ಕಟ್ಟಿದೆ. ಚೀಲ ತುಂಬುವವಳೂ ನಾನೇ, ಕಾಯುವವಳೂ ನಾನೇ ಎಂದು ಆಗ ಹೊಳೆಯಿತು.

ಕಾರು ಹಾನಗಲ್ಲ ದಾಟಿ ಬಂಕಾಪುರಕ್ಕೆ ಬಂದಾಗ ಚಹಾಕ್ಕೆ ನಿಂತೆವು. ನಾನು ಬಿಸಿ ಕಪ್ಪು ಹಿಡಿದುಕೊಂಡು ಇನ್ನೊಮ್ಮೆ ಕೇಳಿದೆ, "ಮಾಳಿಗಿ ಚಾವಿ ಯಾವಾಗ ಕೊಡ್ತಿ?"

"ನೋಡೂಣು ಅವ್ವಾ. ಇವತ್ತರ ಆರಾಮ ಇರು."

ಆರಾಮ ಇರಬೇಕಂತೆ. ಶಿಗ್ಗಾಂವಿ ದಾಟುವವರೆಗೆ ನಾನು ಕಿಟಕಿಯಾಚೆ ನೋಡುತ್ತ ಕುಳಿತೆ. ಹಾನಗಲ್ಲಿನ ಕಾಲೇಜಿನಲ್ಲಿ ಪಾಠ ಹೇಳುವ ಸೊಸೆ ಕನ್ನಡಿಯಲ್ಲಿ ನನ್ನ ಮುಖ ನೋಡಿ ಸುಮ್ಮನಾದಳು. ತಾಯಿ ಮಗನ ಜಗಳದ ನಡುವೆ ಅವಳು ಬರುವವಳಲ್ಲ. ಆ ಬುದ್ಧಿವಂತಿಕೆ ನನಗೆ ಎಷ್ಟೋ ಸಲ ಸಿಟ್ಟು ತರಿಸಿದ್ದೂ ಇದೆ.

ಜಾಗ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ದೊಡ್ಡ ದೊಡ್ಡ ಮತ್ತಿ ಮರಗಳು, ನಡುವೆ ತೇಗ. ಮರಗಳ ಸುತ್ತ ಎತ್ತರದಲ್ಲಿ ಹಲಗೆಯ ಅಟ್ಟ ಕಟ್ಟಿದ್ದರು. ಒಂದು ಅಟ್ಟದಿಂದ ಇನ್ನೊಂದಕ್ಕೆ ಹಗ್ಗ, ಹಲಗೆ, ಬಲೆ. ತಲೆಗೆ ಹೆಲ್ಮೆಟ್, ಸೊಂಟಕ್ಕೆ ತೊಡೆಗೆ ದಪ್ಪ ಬೆಲ್ಟು ಕಟ್ಟಿಕೊಂಡ ಜನ ಮೇಲೆ ನಡೆದಾಡುತ್ತಿದ್ದರು. ಎಲೆಗಳ ನಡುವಿನಿಂದ ಅವರ ಕಾಲುಗಳಷ್ಟೇ ಕಾಣುತ್ತಿದ್ದವು. ಮಗ ನೇರವಾಗಿ ಒಂದು ಬೆಂಚಿನ ಹತ್ತಿರ ಹೋಗಿ, ಅದನ್ನು ಕರವಸ್ತ್ರದಿಂದ ಒರೆಸಿ, ಚೀಲಗಳನ್ನು ಇಟ್ಟು, "ಇಲ್ಲೆ ಕುಂದ್ರು ಅವ್ವಾ. ಎಲ್ಲಾ ಕಾಣತೈತಿ," ಎಂದ.

ಕುಳಿತೆ. ಎಲ್ಲ ಕಾಣುತ್ತಿತ್ತು. ಹುಬ್ಬಳ್ಳಿಯ ಕಡೆಯವರಿರಬೇಕು, ಒಬ್ಬ ದಪ್ಪ ಗೃಹಸ್ಥ ಎರಡು ಹಲಗೆ ದಾಟಿ ಮೂರನೆಯದರ ಮೇಲೆ ಹಗ್ಗ ತಬ್ಬಿಕೊಂಡು ನಿಂತುಬಿಟ್ಟಿದ್ದ. ಹಿಂದೆ ಬರಲೂ ಒಲ್ಲ, ಮುಂದೆ ಹೋಗಲೂ ಒಲ್ಲ. ಅವನ ಹೆಂಡತಿ ಕೆಳಗೆ ನಿಂತು ವಿಡಿಯೋ ಮಾಡುತ್ತಿದ್ದಳು. ಅವನನ್ನು ನೋಡುತ್ತ ನನ್ನ ಕಾಲುಗಳು ತಾವೇ ಅಲುಗಾಡತೊಡಗಿದವು. ನನ್ನ ತವರು ಹಿರೇಕೆರೂರು ಕಡೆಯ ಅಬಲೂರು. ಅಲ್ಲಿ ನಮ್ಮ ಹೊಲದ ಬದುವಿನ ಮೇಲೆ ಹುಣಸೆ ಮರವಿತ್ತು. ಹಣ್ಣು ಉದುರಿಸುವ ಕಾಲಕ್ಕೆ ಟೊಂಗೆಯ ತುದಿಯವರೆಗೆ ಹೋಗಿ ಜಾಡಿಸುತ್ತಿದ್ದವಳು ನಾನು. ನನ್ನ ಅಣ್ಣಂದಿರು ಕೆಳಗೆ ನಿಂತು ಆರಿಸುತ್ತಿದ್ದರು. ಇವನ ಜಾಗದಲ್ಲಿ ನಾನಿದ್ದರೆ ಇಷ್ಟು ಹೊತ್ತಿಗೆ ಆಚೆ ದಾಟಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದೆ ಅನ್ನಿಸಿತು.

ಎದ್ದು ನಿಂತೆ. "ನಾನೂ ಹೋಗ್ತೇನಿ," ಎಂದೆ.

"ಬಾತ್‌ರೂಮ್ ಆ ಕಡೆ ಐತಿ," ಎಂದ ಮಗ.

"ಮ್ಯಾಲ ಹೋಗ್ತೇನಿ. ಗಿಡದ ಮ್ಯಾಲ."

"ಅವ್ವಾ, ಚ್ಯಾಷ್ಟಿ ಮಾಡಬ್ಯಾಡ. ಮೊಣಕಾಲ ನೋವು ಅಂತಿರತಿ."

"ಕುಂತಾಗ ನೋವ ಆಗತಾವು. ಎದ್ದರ ಆಗಂಗಿಲ್ಲ."

"ಬ್ಯಾಡಂದ್ರ ಬ್ಯಾಡ."

ಅವನ ದನಿಯಲ್ಲಿ ಮಾಳಿಗೆಯ ಬೀಗ ಹಾಕಿದ ದಿನದ ಗಡಸು ಇತ್ತು. ನನಗೆ ತಡೆಯಲಾಗಲಿಲ್ಲ. "ನಾ ಅಲ್ಲಿಂದ ಹಾರಿ ಬಂದರ ಮಾಳಿಗಿ ಚಾವಿ ಕೊಡ್ತಿಯೇನು? ನೋಡೂಣು ಅನಬ್ಯಾಡ. ಕೊಡ್ತೇನಿ ಅನ್ನು, ಇಲ್ಲಾ ಕೊಡಂಗಿಲ್ಲ ಅನ್ನು."

ಅವನು ನನ್ನ ಸೀರೆಯನ್ನು ನೋಡಿದ. ನನ್ನ ಎದೆಯ ಮೇಲಿನ ಲಿಂಗದ ಬೆಳ್ಳಿ ಕರಡಿಗೆಯನ್ನು ನೋಡಿದ. ಬೆಲ್ಟು ಕಟ್ಟುವ ಜಾಗದಲ್ಲಿ ಹಾಕಿದ್ದ ಸೂಚನೆಯ ಫಲಕವನ್ನೂ ನೋಡಿದ. ಆಮೇಲೆ ನಕ್ಕ. "ಆತು ತಗೋ. ಅವರು ಬಿಟ್ಟರ ಹೋಗು. ಹೋಗಿ ಬಂದಿ ಅಂದ್ರ ಚಾವಿ ನಿಂದ."

ಗಿರಣಿಗೆ ಬಂದ ವ್ಯಾಪಾರಿಯ ಮುಂದೆ, ಸೋಲುವುದಿಲ್ಲವೆಂದು ಗೊತ್ತಿದ್ದಾಗ ಅವನು ನಗುವ ನಗೆ ಅದು.

"ಅಪ್ಪಾ, ಮಾತ ಕೊಟ್ಟಿ ನೋಡು. ನಾ ಕೇಳೇನಿ," ಎಂದಳು ಮೊಮ್ಮಗಳು.

ಬೆಲ್ಟು ಕಟ್ಟುವವಳು ಗಟ್ಟಿ ದನಿಯ ಹೆಂಗಸು. "ಅವ್ವಾರ, ಬಿಪಿ, ಹಾರ್ಟಿನ ತೊಂದರಿ ಏನರ ಐತೇನ್ರಿ?" ಎಂದು ಕೇಳಿದಳು.

"ಏನೂ ಇಲ್ಲವಾ. ಸಿಟ್ಟೊಂದು ಐತಿ."

"ಅದಿದ್ದರ ನಡೀತೈತ್ರಿ," ಎಂದು ನಕ್ಕಳು. "ಆದರ ಸೀರಿ ಮ್ಯಾಲ ಬೆಲ್ಟ್ ಕುಂದ್ರಂಗಿಲ್ಲರಿ. ಎರಡೂ ತೊಡಿ ಸುತ್ತ ಹಾಕಬೇಕಾಗತೈತಿ."

"ಕೇಳಿದೇನವ್ವಾ?" ಎಂದ ಮಗ, ಬೆಂಚಿನ ಮೇಲೆ ಕಾಲು ಚಾಚುತ್ತ.

ಕೇಳಿದೆ. ಕೇಳಿ ಹೆಂಗಸರ ಕೋಣೆಗೆ ಹೋದೆ. ಇಳಕಲ್ಲ ಸೀರೆ ಬೇಕಾದಷ್ಟು ಉದ್ದವಿರುತ್ತದೆ. ಅದನ್ನು ಪೂರ್ತಿ ಬಿಚ್ಚಿ, ಹೊಲದ ಕೆಲಸಕ್ಕೆ ನಿಂತ ಹೆಂಗಸರು ಉಡುವಂತೆ ನಡುವಿನಿಂದ ಹಿಂದಕ್ಕೆ ಎಳೆದು ಗಟ್ಟಿಯಾಗಿ ಕಚ್ಚೆ ಸಿಗಿಸಿದೆ. ಸೆರಗನ್ನು ಸೊಂಟಕ್ಕೆ ಸುತ್ತಿದೆ. ಬಾಗಿಲಲ್ಲಿ ನಿಂತಿದ್ದ ಸೊಸೆ ತನ್ನ ಪರ್ಸಿನಿಂದ ಪಿನ್ನು ತೆಗೆದು ಕೊಟ್ಟಳು. ಹೊರಗೆ ಬಂದಾಗ ಬೆಲ್ಟಿನ ಹೆಂಗಸು ನನ್ನ ಸುತ್ತ ಒಂದು ಸುತ್ತು ಬಂದು, ತೊಡೆಯ ಹತ್ತಿರ ಎಳೆದು ನೋಡಿ, "ಇದು ನಡೀತೈತ್ರಿ," ಎಂದಳು. ಮಗ ಕಾಲು ಒಳಗೆಳೆದುಕೊಂಡು ಸರಿಯಾಗಿ ಕುಳಿತ.

ಆಮೇಲೆ ಅವಳು, "ಕೊರಳಾಗಿಂದೆಲ್ಲಾ ತಗೀರಿ ಅವ್ವಾರ. ಹಗ್ಗಕ್ಕ ಸಿಕ್ಕರ ಕುತಗಿಗೆ ಅಪಾಯ," ಎಂದಳು.

ನನ್ನ ಕೊರಳಲ್ಲಿ ಇದ್ದದ್ದು ಸರವಲ್ಲ, ಲಿಂಗ. ಕರಡಿಗೆಯಲ್ಲಿಟ್ಟು ದಾರಕ್ಕೆ ಕಟ್ಟಿ ಎದೆಯ ಮೇಲೆ ಧರಿಸಿದ್ದು. ಮೈಯಿಂದ ಅದನ್ನು ಬೇರೆ ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಹೆರಿಗೆಯ ಹೊತ್ತಿನಲ್ಲೂ ನಾನು ತೆಗೆದವಳಲ್ಲ. ಕೈ ಉಳುಕಿದಾಗ ಆಸ್ಪತ್ರೆಯಲ್ಲಿ ತೆಗೆಯಲು ಹೇಳಿದರು, ಅಲ್ಲಿಯೂ ತೆಗೆಯಲಿಲ್ಲ. ಮಗ ಇದನ್ನೇ ಕಾಯುತ್ತಿದ್ದ. ಎದ್ದು ಬಂದು ಬಹಳ ಮೆತ್ತಗೆ, "ಮುಗೀತಲ್ಲವ್ವಾ. ಲಿಂಗ ತಗಿಯಾಕ ಬರಂಗಿಲ್ಲ. ಅದು ಧರ್ಮ. ಬಾ, ಕುಂದ್ರು ಬಾ," ಎಂದ.

ಧರ್ಮವಂತೆ. ತನ್ನ ಲಿಂಗವನ್ನು ದೇವರ ಜಗಲಿಯ ಮೇಲಿಟ್ಟು ಯಾವ ಕಾಲವಾಯಿತೋ ಅವನಿಗೇ ನೆನಪಿಲ್ಲ. ಹಬ್ಬ ಬಂದಾಗ ನಾನು ಹುಡುಕಿ ಕೊಡಬೇಕು. ಅಂಥವನು ಈಗ ನನ್ನನ್ನು ಬೆಂಚಿನ ಮೇಲೆ ಕೂರಿಸಲು ನನ್ನ ಲಿಂಗವನ್ನೇ ಹಿಡಿದುಕೊಂಡು ಬಂದಿದ್ದ. ಅಷ್ಟು ಜನರ ಎದುರಿಗೆ ಕೆನ್ನೆಗೆ ಒಂದು ಕೊಡಬೇಕೆನಿಸಿತು. ನಿಜವಾಗಿಯೂ ಕೈ ತುರಿಸಿತು.

ಆಗ ನನ್ನ ಅವ್ವ ನೆನಪಾದಳು. ಅಬಲೂರಿನದು ಮಳೆ ನಂಬಿದ ಹೊಲ. ಬಿತ್ತನೆಯಾದ ಮೇಲೆ ಕಳೆ ತೆಗೆಯುವ ಕೆಲಸಕ್ಕೆ ಕೊನೆಯೇ ಇರುವುದಿಲ್ಲ. ಅವ್ವ ಬಗ್ಗಿದರೆ ಕರಡಿಗೆ ತೂಗಾಡಿ ಗಲ್ಲಕ್ಕೆ ಬಡಿಯುತ್ತಿತ್ತು, ದಾರ ಕಳೆ ಕೀಳುವ ಕುರ್ಚಿಗೆಯ ಹಿಡಿಗೆ ಸಿಕ್ಕಿಕೊಳ್ಳುತ್ತಿತ್ತು. ಅದಕ್ಕೆ ಅವಳು ಹೊಲಕ್ಕೆ ಹೊರಡುವ ಮುಂಚೆ ಲಿಂಗವನ್ನು ಕರಡಿಗೆಯಿಂದ ತೆಗೆದು, ಮಡಿಬಟ್ಟೆಯಲ್ಲಿ ಸುತ್ತಿ, ಎಡತೋಳಿಗೆ ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದಳು. ನನ್ನ ಅಜ್ಜಿಗೆ ಅದು ಸೇರುತ್ತಿರಲಿಲ್ಲ. "ಕೊರಳಾಗಿಂದ ಯಾಕ ತಗದಿ?" ಎಂದು ಗದರಿಸುತ್ತಿದ್ದಳು. ಅವ್ವ ತಲೆ ಎತ್ತದೆ, "ಲಿಂಗ ಮೈಮ್ಯಾಲ ಇರಬೇಕ್ರಿ. ಐತಲ್ಲ," ಎಂದು ಹೇಳಿ ಬುಟ್ಟಿ ಎತ್ತಿಕೊಂಡು ನಡೆದುಬಿಡುತ್ತಿದ್ದಳು. ಅತ್ತೆಗೆ ಎದುರಾಡಿದ್ದೆಂದರೆ ಅವಳ ಜೀವನದಲ್ಲಿ ಅದೊಂದೇ ವಿಷಯಕ್ಕೆ. ಅದರಲ್ಲಿ ಮಾತ್ರ ಸೋತವಳಲ್ಲ.

ನನ್ನ ಚೀಲದಲ್ಲಿ ವಿಭೂತಿ ಕಟ್ಟಿಕೊಂಡು ಬಂದಿದ್ದ ಬಿಳಿ ಬಟ್ಟೆ ಇತ್ತು. ಬೆಂಚಿನ ಹಿಂದೆ ಹೋಗಿ ಪೂರ್ವಕ್ಕೆ ಮುಖ ಮಾಡಿ ನಿಂತೆ. ಲಿಂಗವನ್ನು ಅಂಗೈಗೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಬಟ್ಟೆಯಲ್ಲಿ ಸುತ್ತಿದೆ. ತೋಳಿಗೆ ಹಿಡಿದುಕೊಂಡು ಸೊಸೆಯ ಕಡೆ ನೋಡಿದೆ. ಅವಳು ಬಂದು ಗಂಟು ಹಾಕಿದಳು.

"ಬಿಗಿ ಆತೇನ್ರಿ ಅತ್ತೀ?"

"ಇನ್ನೊಂದು ಹಾಕು."

ಇನ್ನೊಂದು ಹಾಕಿದಳು. ಅದರ ಮೇಲೆ ರವಿಕೆಯ ತೋಳನ್ನು ಎಳೆದು ಸರಿಮಾಡಿದಳು. ಬೆಲ್ಟಿನ ಹೆಂಗಸು ಮುಟ್ಟಿ ನೋಡಿ ತಲೆಯಾಡಿಸಿದಳು.

"ಹಂಗಾರ ಚೀಲ ಯಾರು ಕಾಯಬೇಕು?" ಎಂದ ಮಗ. ಅಷ್ಟೇ ಉಳಿದಿತ್ತು ಅವನ ಹತ್ತಿರ. ಅವನ ಸೊಂಟಕ್ಕೆ ಆಗಲೇ ಬೆಲ್ಟು ಕಟ್ಟಿಯಾಗಿತ್ತು.

ನಾನು ಬಾಯಿ ತೆರೆಯುವ ಮೊದಲೇ ಸೊಸೆ, "ನೀವು ಕುಂದರ್ರಿ," ಎಂದಳು. ನಮ್ಮಿಬ್ಬರ ಜಗಳದಲ್ಲಿ ಅವಳು ಆಡಿದ ಮೊದಲ ಮಾತು ಅದು. ಇಷ್ಟು ವರ್ಷ ಅವಳ ಮೌನದ ಮೇಲಿದ್ದ ನನ್ನ ಸಿಟ್ಟೆಲ್ಲ ಆ ಒಂದು ಮಾತಿಗೆ ಇಳಿದುಹೋಯಿತು. ಮಗ ಬೆಲ್ಟು ಬಿಚ್ಚಿದ. ನಾನು ಖಾಲಿ ಕರಡಿಗೆಯನ್ನು ಅವನ ಕೈಯಲ್ಲಿಟ್ಟು, "ಇದನ್ನೂ ಕಾಯಿ," ಎಂದೆ.

ಇಲ್ಲಿಯವರೆಗೆ ಸಿಟ್ಟಿನ ಬಲದಿಂದ ಬಂದಿದ್ದೆ. ಏಣಿ ಹತ್ತಿ ಮೊದಲ ಅಟ್ಟದ ಮೇಲೆ ನಿಂತಾಗ ಸಿಟ್ಟು ಕೆಳಗೇ ಉಳಿದಿತ್ತು. ಹೆದರಿಕೆಯಾಯಿತು. ಹುಣಸೆಯ ಟೊಂಗೆ ಹಿಡಿದರೆ ಗಟ್ಟಿಯಾಗಿರುತ್ತದೆ. ಈ ಹಗ್ಗದ ಸೇತುವೆ ಹಾಗಲ್ಲ, ಕಾಲಿಟ್ಟ ಕಡೆ ಓಡುತ್ತದೆ. ತಲೆಯ ಮೇಲಿನ ತಂತಿಗೆ ಎರಡು ಕೊಕ್ಕೆ ಹಾಕಿದ್ದರು, ಒಂದು ಬಿಚ್ಚಿದರೂ ಇನ್ನೊಂದು ಹಿಡಿದಿರುತ್ತದೆ ಎಂದು ಹೇಳಿದ್ದರು. ಅದು ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಮೊಮ್ಮಗಳು ಮುಂದೆ ಕೋತಿಯಂತೆ ಹೋದಳು. ಸೊಸೆ ನನ್ನ ಹಿಂದೆ ಇದ್ದಳು. ನಡು ಸೇತುವೆಯಲ್ಲಿ ಹಲಗೆ ಒಂದು ಕಡೆ ವಾಲಿತು. ಮಾಳಿಗೆಯ ಮೆಟ್ಟಿಲ ಮೇಲೆ ಕಾಲು ಜಾರಿದ ಆ ಗಳಿಗೆ ಮೈಯೊಳಗೆ ಮತ್ತೆ ಬಂದು ಹೋಯಿತು. ಕೈ ಬೆವೆತು ಹಗ್ಗ ಜಾರತೊಡಗಿತು. ಆ ಹುಬ್ಬಳ್ಳಿಯ ಗೃಹಸ್ಥನನ್ನು ನೋಡಿ ನಕ್ಕಿದ್ದೆನಲ್ಲ, ನಾನೂ ಅವನಂತೆ ಹಗ್ಗ ತಬ್ಬಿಕೊಂಡು ನಿಂತೆ.

"ಅವ್ವಾ, ಸಾಕು, ಇಳದ ಬಾ. ಅವರಿಗೆ ಹೇಳ್ತೇನಿ, ಇಳಸ್ತಾರ," ಎಂದು ಕೆಳಗಿನಿಂದ ಮಗನ ದನಿ ಬಂತು.

ಅವನು ಸುಮ್ಮನೆ ಇದ್ದಿದ್ದರೆ ಬಹುಶಃ ನಾನು ಇಳಿದೇಬಿಡುತ್ತಿದ್ದೆ. ಆ ಮಾತು ಕೇಳಿದ್ದೇ ತೋಳಿನ ಗಂಟನ್ನು ಒಮ್ಮೆ ಮುಟ್ಟಿ ನೋಡಿಕೊಂಡೆ. ಇತ್ತು. ಕಣ್ಣನ್ನು ಮುಂದಿನ ಹಲಗೆಯ ಮೇಲಿಟ್ಟು ಕಾಲು ಎತ್ತಿದೆ. ಒಂದಾದ ಮೇಲೆ ಒಂದು. ಹಿಂದಿನಿಂದ ಸೊಸೆ, "ಹಂಗ ಬರ್ರಿ, ಹಂಗ ಬರ್ರಿ," ಅನ್ನುತ್ತಿದ್ದಳು. ನಾನು ಮುಂದೆ ಹೋಗುತ್ತಿರುವಾಗ ಬರ್ರಿ ಅನ್ನುವುದೇಕೆ ಎಂದು ಅವಳ ಮೇಲೂ ರೇಗಿಕೊಂಡೇ ಆ ಬದಿ ಮುಟ್ಟಿದೆ.

ಕೊನೆಯ ಅಟ್ಟದಲ್ಲಿ ತಂತಿ. ಕೆಳಗೆ ಹಳ್ಳ, ಆಚೆ ದಡದಲ್ಲಿ ಇನ್ನೊಂದು ಮರ. ಮೊಮ್ಮಗಳು ಓಡಿ ಜಿಗಿದು, ಕೂಗುತ್ತ ಹೋಗಿ ಆ ಕಡೆ ಸಣ್ಣದಾಗಿ ಕಂಡಳು. ನನ್ನನ್ನು ಗಾಲಿಗೆ ಸಿಗಿಸಿ, "ಕುಂತಂಗ ಮಾಡ್ರಿ, ಕಾಲ ಮ್ಯಾಲ ಎತ್ರಿ," ಎಂದರು. ಕುಂತಂಗ ಮಾಡಿದೆ. ಅಟ್ಟ ನನ್ನ ಕೆಳಗಿನಿಂದ ಹೋಗಿಬಿಟ್ಟಿತು.

ಕಿವಿಯಲ್ಲಿ ಗಾಲಿಯ ಸದ್ದು, ಮುಖಕ್ಕೆ ಗಾಳಿ, ಕಣ್ಣಲ್ಲಿ ನೀರು. ನಾನು ಶಿವನ ಹೆಸರು ಹಿಡಿದು ಕೂಗಿದೆ ಎಂದು ಮೊಮ್ಮಗಳು ಹೇಳುತ್ತಾಳೆ. ಇರಬಹುದು. ನನಗೆ ನೆನಪಿರುವುದು ಆಮೇಲಿನದು. ಸದ್ದು ಕಡಿಮೆಯಾಯಿತು, ಗಾಳಿ ಕಡಿಮೆಯಾಯಿತು, ಆಚೆ ಮರ ಇನ್ನೂ ದೂರವಿರುವಾಗಲೇ ನಾನು ನಿಂತುಬಿಟ್ಟೆ. ನನ್ನ ಮೈ ಹಗುರ, ಮೊಮ್ಮಗಳಂತೆ ಓಡಿ ಜಿಗಿದವಳೂ ಅಲ್ಲ. ತಂತಿಯ ಕೊನೆ ಮುಟ್ಟುವಷ್ಟು ಭಾರ ನನ್ನಲ್ಲಿರಲಿಲ್ಲ. ಹಳ್ಳದ ನಡುಮಧ್ಯೆ, ಕಚ್ಚೆ ಸೀರೆಯಲ್ಲಿ, ಹೆಲ್ಮೆಟ್ ಹಾಕಿಕೊಂಡು ಜೋತಾಡುತ್ತ ಉಳಿದೆ.

"ಹಂಗ ಇರ್ರಿ ಅವ್ವಾರ, ಹಗ್ಗ ತರ್ತೇವಿ," ಎಂದು ಆ ಕಡೆಯಿಂದ ಕೂಗಿದರು.

ಇದ್ದೆ. ಅವಸರವೇನಿತ್ತು? ಆಶ್ಚರ್ಯವೆಂದರೆ ಹೆದರಿಕೆಯೆಲ್ಲ ಎಲ್ಲೋ ಹೋಗಿತ್ತು. ಮರಗಳ ತಲೆಗಳು ನನ್ನ ಮಟ್ಟಕ್ಕೆ ಇದ್ದವು. ಅವುಗಳ ಆಚೆ ಗೋವಿನಜೋಳದ ಹೊಲ, ಒಂದು ಕೆರೆಯ ಅಂಚು, ರಸ್ತೆಯ ಮೇಲೆ ತಡಸದ ಕಡೆ ಹೋಗುವ ಬಸ್ಸು. ಇಷ್ಟು ತಿಂಗಳಿಂದ ಗೋಡೆ, ಅಂಗಳ, ಎದುರು ಮನೆಯ ಬಾಗಿಲು ಬಿಟ್ಟು ಬೇರೆ ಏನನ್ನೂ ನೋಡಿರಲಿಲ್ಲ. ಮೇಲಿನಿಂದ ನೋಡುವುದನ್ನು ನನ್ನ ಕಣ್ಣು ಇಷ್ಟೊಂದು ಬಯಸಿತ್ತೆಂದು ಅಲ್ಲಿ ಜೋತಾಡುವಾಗ ಗೊತ್ತಾಯಿತು. ಅಳುವುದು ಬೇಡವೆಂದು ಕೆಳಗೆ ನೋಡಿದೆ.

ಕೆಳಗೆ ಹಳ್ಳದ ಕಲ್ಲುಗಳ ಮೇಲೆ ನನ್ನ ಮಗ ಓಡಿ ಬರುತ್ತಿದ್ದ. ಎರಡೂ ಹೆಗಲಿಗೆ ಚೀಲಗಳು, ಕೊರಳಿಗೆ ಸೊಸೆಯ ಪರ್ಸು, ಒಂದು ಕೈಯಲ್ಲಿ ಬುತ್ತಿಯ ಡಬ್ಬಿ, ಇನ್ನೊಂದರಲ್ಲಿ ನನ್ನ ಕರಡಿಗೆ. ಬಂದು ನನ್ನ ನೆಟ್ಟಗೆ ಕೆಳಗೆ ನಿಂತ. ನಾನು ಬಿದ್ದರೆ ಬುತ್ತಿಯ ಡಬ್ಬಿಯಲ್ಲಿ ಹಿಡಿಯುತ್ತಿದ್ದನೋ ಏನೋ.

"ಅವ್ವಾ, ಅಂಜಬ್ಯಾಡ," ಎಂದು ಕೂಗಿದ.

"ನಾ ಎಲ್ಲಿ ಅಂಜೇನಿ? ಚಾವಿ ತಂದೀಯೇನು?" ಎಂದೆ.

ಆಚೆ ದಡದ ಮೇಲೆ ನಿಂತವರೆಲ್ಲ ನಕ್ಕರು. ಅವನು ನಗಲಿಲ್ಲ. ಹಗ್ಗ ಬಂತು, ಎಳೆದುಕೊಂಡರು. ಇಳಿಯುವಾಗ ಮೊಣಕಾಲು ಊರಿ ಸ್ವಲ್ಪ ತರಚಿತು. ಅದನ್ನು ಸೀರೆಯಿಂದ ಮುಚ್ಚಿದೆ.

ಬುತ್ತಿ ಬಿಚ್ಚಿದಾಗ ಎಲ್ಲರೂ ಮಾತಾಡಿದರು, ಮಗನೊಬ್ಬ ರೊಟ್ಟಿ ಮುರಿಯುತ್ತ ಕುಳಿತಿದ್ದ. ಚಾವಿಯ ಸುದ್ದಿ ತೆಗೆಯಲಿಲ್ಲ. ನಾನೂ ಕೇಳಲಿಲ್ಲ. ಕೊಟ್ಟ ಮಾತನ್ನು ಕೇಳಿ ಪಡೆಯುವಷ್ಟು ನಾನು ಅಗ್ಗವಾಗಿರಲಿಲ್ಲ. ತಿರುಗಿ ಬರುವಾಗ ಬಂಕಾಪುರದಲ್ಲಿ ಮೊಮ್ಮಗಳಿಗೆ ಗಿರಮಿಟ್ಟು ಬೇಕಾಯಿತು. ಅವಳೂ ಸೊಸೆಯೂ ಚುರುಮುರಿಯ ತಳ್ಳುಗಾಡಿಯ ಹತ್ತಿರ ಹೋದರು. ಕಾರಿನಲ್ಲಿ ನಾವಿಬ್ಬರೇ ಉಳಿದೆವು.

ಅವನು ಸ್ಟೇರಿಂಗ್ ಹಿಡಿದುಕೊಂಡೇ, ತಿರುಗಿ ನೋಡದೆ ಹೇಳಿದ. "ಅವತ್ತ ನೀ ಬಿದ್ದಾಗ ನಾ ಬಂದು ನೋಡಿದ್ರ ಕಣ್ಣ ಮುಚ್ಚಿದ್ದಿ. ಕರದ್ರ ಮಾತಾಡಲಿಲ್ಲ."

"ನೋವ ಆಗಿತ್ತು. ಅದಕ್ಕ ಮುಚ್ಚಿದ್ದೆ."

"ನನಗ ಅದು ಗೊತ್ತಿರಲಿಲ್ಲಲ್ಲವ್ವಾ. ಅಪ್ಪನೂ ಹಂಗ ಬಿದ್ದಿದ್ದ. ಗಿರಣ್ಯಾಗ ಅವತ್ತೂ ಮೊದಲ ನೋಡಿದಾವ ನಾನ. ಅವನ್ನೂ ಕರದೆ. ಅವನೂ ಮಾತಾಡಲಿಲ್ಲ."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಈ ಮಾತು ನಮ್ಮಿಬ್ಬರ ನಡುವೆ ಬಂದಿರಲಿಲ್ಲ. ಗಂಡನನ್ನು ಕಳೆದುಕೊಂಡ ದುಃಖ ನನ್ನದೆಂದುಕೊಂಡಿದ್ದೆ. ಆ ನೆಲದ ಮೇಲೆ ಬಿದ್ದ ಮೈಯನ್ನು ಮೊದಲು ಮುಟ್ಟಿದವನು ಇವನು ಎಂಬುದು ಗೊತ್ತಿದ್ದರೂ ಗೊತ್ತಿರಲಿಲ್ಲ. ಅವನ ಹೆಗಲ ಮೇಲೆ ಕೈಯಿಟ್ಟೆ. ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಇನ್ನೊಬ್ಬ ತಾಯಿಯಾಗಿದ್ದರೆ ಅಲ್ಲಿಯೇ, ಬೇಡಪ್ಪ, ಚಾವಿ ನಿನ್ನ ಹತ್ತಿರವೇ ಇರಲಿ ಅನ್ನುತ್ತಿದ್ದಳು. ನನಗೂ ಬಾಯಿಯವರೆಗೆ ಬಂದಿತ್ತು.

ಆದರೆ ಹಾಗೆ ಅಂದಿದ್ದರೆ ಅವನ ಹೆದರಿಕೆ ಹೋಗುತ್ತಿರಲಿಲ್ಲ. ಇಂದು ಮಾಳಿಗೆ, ನಾಳೆ ಸಂತೆ, ಆಮೇಲೆ ಹೊಸ್ತಿಲು. ನಾನು ಉಸಿರಾಡುತ್ತ ಒಂದು ಕಡೆ ಕುಳಿತಿದ್ದರೆ ಸಾಕು ಎಂಬಲ್ಲಿಗೆ ಬರುತ್ತಿತ್ತು.

"ತಮ್ಮಾ," ಎಂದೆ, "ನಿನ್ನ ಅಂಜಿಕಿ ನಿನ್ನ ಹತ್ರ ಇರಲಿ. ಅದನ್ನ ನಾ ಕಸಗೊಳ್ಳಾಕ ಬರಂಗಿಲ್ಲ. ಒಂದ ದಿನ ನಾನೂ ಬೀಳ್ತೇನಿ. ಮಾಳಿಗಿ ಮ್ಯಾಲ ಬೀಳ್ತೇನೋ ಹಾಸಿಗ್ಯಾಗ ಬೀಳ್ತೇನೋ, ನಿನಗೂ ಗೊತ್ತಿಲ್ಲ ನನಗೂ ಗೊತ್ತಿಲ್ಲ. ಅಲ್ಲಿತನಕ ಆ ಚಾವಿ ನಂದು."

ಅವನು ಜೇಬಿನಿಂದ ಚಾವಿಗಳ ಉಂಗುರ ತೆಗೆದ. ಅದು ಬಿಗಿಯಾಗಿತ್ತು. ಉಗುರಿನಿಂದ ಬಿಡಿಸಲು ಹೋಗಿ ಆಗಲಿಲ್ಲ, ಹಲ್ಲಿನಿಂದ ಕಚ್ಚಿ ಬಿಡಿಸಿದ. ಹಿಂದೆ ತಿರುಗದೆಯೇ ಕೈ ಚಾಚಿ ಚಾವಿಯನ್ನೂ ಕರಡಿಗೆಯನ್ನೂ ಒಟ್ಟಿಗೆ ನನ್ನ ಅಂಗೈಯಲ್ಲಿಟ್ಟ.

"ಮೆಟ್ಟಲಕ್ಕ ಕಬ್ಬಣದ ಹಿಡಿಕಿ ಹಾಕಸ್ತೇನಿ. ಅದಕ್ಕರ ಬ್ಯಾಡ ಅನಬ್ಯಾಡ," ಎಂದ.

"ಹಾಕಸು. ಅದಕ್ಕ ಯಾರು ಬ್ಯಾಡ ಅಂದಾರ?"

ಮರುದಿನ ಬೆಳಿಗ್ಗೆ ಹಿಟ್ಟು ಕುದಿಸಿ, ಪಾತ್ರೆ ಹಿಡಿದು ಮೆಟ್ಟಿಲು ಹತ್ತಿದೆ. ಬೀಗ ತುಕ್ಕು ಹಿಡಿದು ಹಟ ಮಾಡಿತು. ಎಣ್ಣೆ ಬಿಟ್ಟು ತೆಗೆದೆ. ಮಾಳಿಗೆಯ ತುಂಬ ಒಣಗಿದ ಎಲೆ, ಧೂಳು, ಪಾರಿವಾಳದ ಹಿಕ್ಕೆ. ಕಸಬರಿಗೆ ತಂದು ಗುಡಿಸಿದೆ. ಪಕ್ಕದಾಕೆ ಗೋಡೆಯ ಮೇಲೆ ಮುಖ ಚಾಚಿ, "ಬಂದೇನವಾ?" ಎಂದಳು. "ನಾ ಎಲ್ಲಿ ಹೋಗಿದ್ದೆ?" ಎಂದೆ ನಾನು. ಸೀರೆಯ ಹಳೆಯ ತುಂಡು ಹಾಸಿ, ಮೊಣಕಾಲಿನ ತರಚು ಉರಿಯುತ್ತಿದ್ದರೂ ಕುಕ್ಕರಗಾಲಲ್ಲಿ ಕುಳಿತು ಸಂಡಿಗೆ ಇಡತೊಡಗಿದೆ.

ಮೆಟ್ಟಿಲಲ್ಲಿ ಹೆಜ್ಜೆಯ ಸದ್ದಾಯಿತು. ಮಗ. ಗಿರಣಿಗೆ ಹೋಗುವ ಅಂಗಿ ತೊಟ್ಟು, ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಲೆಯ ಮೇಲೆ ಹೊತ್ತು ಬಂದಿದ್ದ. ಅದನ್ನು ಟ್ಯಾಂಕಿನ ನೆರಳಿನಲ್ಲಿಟ್ಟು, "ದಣಿದಾಗರ ಕುಂದ್ರು," ಎಂದ.

"ನೀನ ಕುಂದ್ರು," ಎಂದು ಕಾಗೆ ಓಡಿಸುವ ಕೋಲನ್ನು ಅವನ ಕೈಗೆ ಕೊಟ್ಟೆ.

ಕುಳಿತ. ಗಿರಣಿ ಶುರುವಾಗುವ ಹೊತ್ತು ದಾಟಿದರೂ ಎದ್ದು ಹೋಗಲಿಲ್ಲ. ಒಮ್ಮೆ ಮೆಟ್ಟಿಲು ನೋಡುತ್ತಿದ್ದ, ಒಮ್ಮೆ ನನ್ನನ್ನು ನೋಡುತ್ತಿದ್ದ. ನಾನು ಬೇಡವೆನ್ನಲಿಲ್ಲ. ಕಾಯುವವರಿಗೆ ಕುರ್ಚಿ ಬೇಕಾಗುತ್ತದೆ, ಅದು ನನಗೆ ಚೆನ್ನಾಗಿ ಗೊತ್ತು. ನಾನು ಅವನಿಗೆ ಬೆನ್ನು ಮಾಡಿ ಸಂಡಿಗೆಯ ಮುಂದಿನ ಸಾಲು ಹಿಡಿದೆ.